ನಾಲ್ಕನೇ ಬೆಡ್ಡಿನ ಚೀಟಿ

ರಕ್ತ ತೆಗೆಯುವುದನ್ನು ಕಲಿಸುವುದು ಅಂಥ ಕಷ್ಟವಲ್ಲ. ಸೂಜಿ ಚುಚ್ಚುವ ಮೊದಲಿನ ಒಂದು ನಿಮಿಷವನ್ನು ಕಲಿಸುವುದು ಕಷ್ಟ. ರೋಗಿಯ ಎದುರು ನಿಲ್ಲಬೇಕು, ಹೆಸರು ಕೇಳಬೇಕು, ಹೆಸರು ಅವರ ಬಾಯಿಂದಲೇ ಬರಬೇಕು, ಅದು ಕೈಯಲ್ಲಿರುವ ಡಾಕ್ಟರ ಚೀಟಿಗೆ ಹೊಂದಬೇಕು. ನಾವೇ ಹೆಸರು ಓದಿ "ನೀವ ಹೌದಲ್ರಿ?" ಎಂದು ಕೇಳಿದರೆ ಕೆಟ್ಟಂತೆ, ಏಕೆಂದರೆ ಜ್ವರದಲ್ಲಿ ಮಲಗಿದ ಮನುಷ್ಯ ಯಾವುದಕ್ಕೂ ಹೂಂ ಎನ್ನುತ್ತಾನೆ. ರಕ್ತ ಬಂದ ಮೇಲೆ ಟ್ಯೂಬಿಗೆ ಅಲ್ಲೇ ನಿಂತು, ಅವರ ಕಣ್ಣೆದುರೇ ಹೆಸರು ಬರೆಯಬೇಕು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ನಮ್ಮ ತರಬೇತಿ ಕೇಂದ್ರದಲ್ಲಿ ಇದನ್ನು ನಾನು ಎಷ್ಟು ಸಲ ಒದರಿದ್ದೆನೆಂದರೆ, ಹುಡುಗರು ನನ್ನ ಬೆನ್ನ ಹಿಂದೆ ನನಗೆ "ಹೆಸರೇನ್ರಿ ಮೇಡಂ" ಎಂದೇ ಹೆಸರಿಟ್ಟಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ.

ಆ ವರ್ಷದ ತಂಡದಲ್ಲಿ ಇಪ್ಪತ್ಮೂರು ಮಂದಿ ಇದ್ದರು. ಲ್ಯಾಬ್ ಸಹಾಯಕರಾಗಲು ಒಂದು ವರ್ಷದ ತರಬೇತಿ. ಮೊದಲ ತಿಂಗಳುಗಳು ತರಗತಿಯಲ್ಲಿ, ರಬ್ಬರಿನ ಕೈಗೆ ಚುಚ್ಚುತ್ತ ಕಳೆಯುತ್ತವೆ. ಕೊನೆಯ ಮೂರು ತಿಂಗಳು ಆಸ್ಪತ್ರೆಯ ವಾರ್ಡಿನಲ್ಲಿ. ಕೇಂದ್ರ ಆ ಆಸ್ಪತ್ರೆಯ ಹಿಂದಿನ ಗೇಟಿಗೆ ಹೊಂದಿಕೊಂಡೇ ಇತ್ತು. ಪ್ರತಿಯೊಬ್ಬರ ಕೈಯಲ್ಲೂ ಒಂದು ಲಾಗ್ ಪುಸ್ತಕ. ಐವತ್ತು ಸಲ ನನ್ನ ಎದುರು ರಕ್ತ ತೆಗೆದು, ಐವತ್ತು ಸಲ ನನ್ನ ಸಹಿ ಬೀಳುವವರೆಗೆ ಒಬ್ಬರೇ ರೋಗಿಯನ್ನು ಮುಟ್ಟುವಂತಿರಲಿಲ್ಲ. ಈ ಕಟ್ಟಳೆ ಎಲ್ಲಿಯೂ ಬರೆದಿಟ್ಟದ್ದಲ್ಲ. ನಾನು ಮಾಡಿದ್ದು, ನನ್ನ ಬಾಯಿಮಾತಿನಲ್ಲಿ ನಡೆಯುತ್ತಿದ್ದದ್ದು.

ಅವರಲ್ಲಿ ಒಬ್ಬಳು ಇಳಕಲ್ಲಿನ ಹುಡುಗಿ, ಮಗ್ಗದ ಮನೆಯವಳು. ಪಿಯುಸಿ ಮುಗಿದ ಮೇಲೆ ಎರಡು ವರ್ಷ ನೂಲಿನ ಕಂಡಿಕಿ ಸುತ್ತಿ, ಸೀರೆ ನೇಯ್ದು, ಆಮೇಲೆ ಮನೆಯಲ್ಲಿ ಹಟ ಮಾಡಿ ಇಲ್ಲಿಗೆ ಸೇರಿದ್ದಳು. "ಒಂದು ವರ್ಷ ಕಲಿ. ಆಗಲಿಲ್ಲ ಅಂದ್ರ ಮಗ್ಗ ಎಲ್ಲಿ ಹೋಗೂದಿಲ್ಲ" ಎಂದು ಅವಳ ತಾಯಿ ಹೇಳಿ ಕಳಿಸಿದ್ದರಂತೆ. ಆ ಹುಡುಗಿಯ ಬೆರಳಿಗೆ ಕಣ್ಣಿತ್ತು. ದಪ್ಪ ಕೈಯವರಲ್ಲಿ, ನೀರಿಳಿದು ಒಣಗಿದವರಲ್ಲಿ, ಉಳಿದವರು ತಡಕಾಡಿ ಬೆವರುವಲ್ಲಿ, ಇವಳು ಎಡಗೈ ತೋರುಬೆರಳನ್ನು ಒಂದು ಸಲ ಆಡಿಸಿ "ಇಲ್ಲೈತ್ರಿ" ಎನ್ನುತ್ತಿದ್ದಳು. ನರ ಅಲ್ಲೇ ಇರುತ್ತಿತ್ತು.

ಆದರೆ ಅದೇ ಬೆರಳಿನಲ್ಲಿ ಒಂದು ಕೆಟ್ಟ ಚಾಳಿಯೂ ಇತ್ತು. ಸ್ಪಿರಿಟ್ ಹತ್ತಿಯಿಂದ ಜಾಗ ಒರೆಸಿದ ಮೇಲೆ ಅದನ್ನು ಮತ್ತೆ ಮುಟ್ಟಬಾರದು. ಮುಟ್ಟಿದರೆ ಒರೆಸಿದ್ದು ನೀರಿನಲ್ಲಿ ಹೋಮ. ಇವಳು ಪ್ರತಿ ಸಲ ಮುಟ್ಟುತ್ತಿದ್ದಳು. ಬೈದೆ, ಕೈಗೆ ಹೊಡೆದೆ, ಲಾಗ್ ಪುಸ್ತಕಕ್ಕೆ ಸಹಿ ಹಾಕದೆ ಕೂರಿಸಿದೆ. ಕೊನೆಗೆ ಯಾಕೆ ಹೀಗೆ ಎಂದು ಕೇಳಿದೆ.

"ಮಗ್ಗದ ಮ್ಯಾಲ ಎಳಿ ಹರೀತಂದ್ರ ಗಂಟು ಹಾಕಿ ಒಮ್ಮೆ ಬೆರಳು ಆಡಿಸಿ ನೋಡ್ತೇವ್ರಿ, ಹಿಡಿದೈತೋ ಇಲ್ಲೋ ಅಂತ," ಎಂದಳು. "ಕೈ ತಾನ ಹೋಗತೈತ್ರಿ."

"ಇದು ಮಗ್ಗ ಅಲ್ಲವಾ. ಒಮ್ಮೆ ಸಿಕ್ಕೈತಿ ಅಂತ ಗೊತ್ತಾದ ಮ್ಯಾಲ ನಂಬಬೇಕು. ಮತ್ತ ಮುಟ್ಟಿ ನೋಡಬಾರದು."

ಆ ಬೆರಳಿನ ಕೆಳಗೆ, ಹೆಬ್ಬೆರಳಿಗೆ ಒತ್ತಿ, ಒಂದು ಒಣ ಹತ್ತಿ ಉಂಡೆ ಹಿಡಿಸಿದೆ. ಮುಟ್ಟಲು ಹೋಗಿ ಉಂಡೆ ಬಿದ್ದರೆ ಆ ಸಲದ ಸಹಿ ಇಲ್ಲ. ಮೂರು ವಾರ ಹಿಡಿಯಿತು. ಆಮೇಲೆ ಬೆರಳು ಮೇಲೆದ್ದು ಗಾಳಿಯಲ್ಲೇ ನಿಲ್ಲತೊಡಗಿತು. ಮೂವತ್ತೊಂದು ಸಹಿ ಆಗುವ ಹೊತ್ತಿಗೆ ಆ ತಂಡದಲ್ಲಿ ಅವಳಷ್ಟು ಹಗುರ ಕೈ ಇನ್ನೊಂದಿರಲಿಲ್ಲ. ಇದನ್ನು ನಾನು ಕೇಂದ್ರದ ಮುಖ್ಯಸ್ಥರ ಎದುರೂ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಮುಖ್ಯಸ್ಥರನ್ನು ನಾನು ಸರ್ ಎಂದೇ ಕರೆಯುತ್ತಿದ್ದೆ. ನನಗೆ ಈ ಕೆಲಸ ಕಲಿಸಿದವರೇ ಅವರು. ಹುನಗುಂದದಲ್ಲಿ ಎರಡು ಮೇಜಿನ ಒಂದು ಲ್ಯಾಬಿನಲ್ಲಿ ಅವರ ಸ್ವಂತ ತೋಳಿಗೆ ಚುಚ್ಚಿಸಿಕೊಂಡು ನನಗೆ ಕೈ ಕೂರಿಸಿದ್ದರು. ನಾಲ್ಕು ಜನರ ಎದುರು ನನ್ನನ್ನು ಮೇಡಂ ಎನ್ನುತ್ತಿದ್ದರು, ಒಬ್ಬಳೇ ಇದ್ದಾಗ ತಂಗಿ ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ನಾನು ಅವರ ಎಷ್ಟೋ ಕೆಲಸವನ್ನು ಮೈಮೇಲೆ ಹಾಕಿಕೊಂಡು ಮಾಡುತ್ತಿದ್ದೆ.

ಅಂದು ಬೆಳಗಿನ ಹತ್ತೂವರೆಯ ಸುತ್ತು. ನಾನು ಮತ್ತು ಇಳಕಲ್ಲಿನ ಹುಡುಗಿ ಗಂಡಸರ ವಾರ್ಡಿನಲ್ಲಿದ್ದೆವು. ಐದು ಚೀಟಿಗಳಲ್ಲಿ ಮೂರು ಮುಗಿದಿದ್ದವು. ಉಳಿದ ಎರಡರಲ್ಲಿ ಒಂದು ತೊಡೆಯ ಮೂಳೆ ಮುರಿದವರದು. ಮರುದಿನ ಆಪರೇಷನ್, ಅದಕ್ಕೆ ರಕ್ತ ಹೊಂದಿಸಿ ಇಡಬೇಕಿತ್ತು. ಹನ್ನೊಂದರೊಳಗೆ ಟ್ಯೂಬ್ ರಕ್ತನಿಧಿಗೆ ಮುಟ್ಟಬೇಕು ಎಂದು ಚೀಟಿಯ ಮೇಲೆ ಕೆಂಪು ಗೆರೆ ಎಳೆದಿದ್ದರು. ಅಷ್ಟರಲ್ಲಿ ಸರ್ ಫೋನ್ ಬಂತು.

"ತಂಗಿ, ತಪಾಸಣಿ ತಂಡ ಬಂದೈತಿ. ಲ್ಯಾಬ್ ತೋರಿಸಾಕ ನೀ ಬೇಕು, ಬಾ."

"ಸರ್, ಸುತ್ತಿನ್ಯಾಗ ಅದೀನ್ರಿ. ಇನ್ನೂ ಎರಡು ಅದಾವು."

"ಆ ಹುಡುಗಿ ಕೈ ಛಲೋ ಐತಿ ಅಂತ ನೀನ ಹೇಳ್ತಿ. ಆಕಿ ಮಾಡ್ತಾಳ ಬಿಡು. ಹದಿನೈದು ಮಿನಿಟಿನ ಮಾತು. ಮುಂದಿನ ವರ್ಷ ಸೀಟು ಹೆಚ್ಚಿಗಿ ಆಗೂದು ಇವರ ಕೈಯಾಗ ಐತಿ."

ನಾನು ಹೋದೆ. ಯಾರೂ ನನ್ನನ್ನು ಎಳೆದುಕೊಂಡು ಹೋಗಲಿಲ್ಲ. "ಎರಡ ಅದಾವು, ಸಾವಕಾಶ ಮಾಡು, ನಾ ಈಗ ಬಂದೆ" ಎಂದು ಹುಡುಗಿಗೆ ನನ್ನ ಬಾಯಾರೆ ಹೇಳಿ ಹೋದೆ. ಹದಿನೈದು ನಿಮಿಷ ಒಂದು ತಾಸಾಯಿತು. ಬಂದವರಿಗೆ ಸೂಕ್ಷ್ಮದರ್ಶಕ ತೋರಿಸಿದೆ, ರಬ್ಬರಿನ ಕೈ ತೋರಿಸಿದೆ, ಚಹಾ ಕುಡಿದೆ.

ವಾರ್ಡಿನಲ್ಲಿ ನಡೆದದ್ದು ಇಷ್ಟು. ಮೂಳೆ ಮುರಿದವರು ಹಿಂದಿನ ದಿನ ನಾಲ್ಕನೇ ಬೆಡ್ಡಿನಲ್ಲಿದ್ದರು. ಅಲ್ಲಿಯ ಫ್ಯಾನ್ ಕೆಟ್ಟಿತೆಂದು ಅವರನ್ನು ಒಂಬತ್ತಕ್ಕೆ ಸಾಗಿಸಿದ್ದರು. ಫ್ಯಾನ್ ರಿಪೇರಿಯಾದ ಮೇಲೆ ನಾಲ್ಕಕ್ಕೆ ಗುಡೂರಿನ ಒಬ್ಬ ಮುದುಕರನ್ನು ಹಾಕಿದ್ದರು. ಸಕ್ಕರೆ ಏರಿ ಮಂಪರಿನಲ್ಲಿದ್ದ ಮನುಷ್ಯ. ಚೀಟಿಯಲ್ಲಿ ಮಾತ್ರ ಬೆಡ್ಡಿನ ನಂಬರು ಹಳೆಯದೇ ಉಳಿದಿತ್ತು. ಮುದುಕರ ಕೈ ಬಾತಿದ್ದರಿಂದ ಹೆಸರಿನ ಕೈಪಟ್ಟಿ ಬಿಚ್ಚಿ ದಿಂಬಿನ ಕೆಳಗೆ ಇಟ್ಟಿದ್ದರು. ಪಕ್ಕದಲ್ಲಿ ಅವರ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದರು.

ಹುಡುಗಿ ನಾನು ಕಲಿಸಿದಂತೆಯೇ ಕೇಳಿದ್ದಾಳೆ, "ಆಯಿ, ಅಜ್ಜಾರ ಹೆಸರೇನ್ರಿ?"

ಮುದುಕಿ ಸೆರಗನ್ನು ಇನ್ನಷ್ಟು ಮುಂದೆಳೆದುಕೊಂಡು ನಕ್ಕಿದ್ದಾರೆ. "ಅವರ ಹೆಸರ ನಾ ಹೆಂಗ ಹೇಳ್ಲಿ ಯವ್ವಾ. ಮಗ ಚಾ ತರಾಕ ಹೋಗ್ಯಾನ. ಬಂದ್ಮ್ಯಾಲ ಅವನ್ನ ಕೇಳು."

ನಮ್ಮ ಕಡೆಯ ವಯಸ್ಸಾದ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ನನ್ನ ಅಮ್ಮಿಯೂ ಅಬ್ಬಾನ ಹೆಸರು ತಂದವಳಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು, ಹೆಸರು ಕೇಳಿದಾಗ ನನ್ನನ್ನು ಮುಂದೆ ತಳ್ಳಿ "ಹೇಳು" ಎನ್ನುತ್ತಿದ್ದಳು. ಇದೆಲ್ಲ ನನಗೆ ಗೊತ್ತಿದ್ದ ಸಂಗತಿ. ನಮಗೆ ಕೊಟ್ಟಿದ್ದ ಪಾಠದ ಪುಸ್ತಕದಲ್ಲಿ ರೋಗಿಗೆ ಎಚ್ಚರವಿಲ್ಲದಿದ್ದರೆ ಜೊತೆಯವರಿಂದ ಹೆಸರು ಹೇಳಿಸಿ ಎಂದು ಬರೆದಿತ್ತು. ಜೊತೆಯವರು ಹೆಂಡತಿಯಾಗಿದ್ದರೆ ಏನು ಮಾಡಬೇಕೆಂದು ಬರೆದಿರಲಿಲ್ಲ. ನಾನೂ ಹೇಳಿರಲಿಲ್ಲ. ನಾನು ಸ್ವತಃ ಅಂಥ ಕಡೆ ಆಧಾರ್ ಕಾರ್ಡ್ ನೋಡುತ್ತಿದ್ದೆ, ಇಲ್ಲವೇ ಮಗ ಬರುವವರೆಗೆ ಕಾಯುತ್ತಿದ್ದೆ. ಅದನ್ನು ಪಾಠವೆಂದು ತಿಳಿದೇ ಇರಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ಕಾದಿದ್ದಾಳೆ. ಮಗ ಬರಲಿಲ್ಲ. ಚೀಟಿಯ ಮೇಲೆ ಕೆಂಪು ಗೆರೆ. ಮುದುಕಿಯನ್ನು ಒತ್ತಾಯ ಮಾಡಲು ಮನಸ್ಸು ಬರಲಿಲ್ಲ. ಅವರ ಎದುರು ಗಂಡನ ಹೆಸರನ್ನು ತಾನು ಜೋರಾಗಿ ಓದುವುದೂ ಸರಿಯೆನಿಸಲಿಲ್ಲ. ಚೀಟಿಯನ್ನೇ ಅವರ ಮುಂದೆ ಹಿಡಿದು, "ಇದು ಇವರದ ಅಲ್ರಿ ಆಯಿ?" ಎಂದಿದ್ದಾಳೆ. ಮುದುಕಿಗೆ ಓದು ಬರುತ್ತಿರಲಿಲ್ಲ. ದವಾಖಾನೆಯವರು ತೋರಿಸಿದ ಕಾಗದ, ಹೌದೆಂದು ತಲೆಯಾಡಿಸಿದ್ದಾರೆ. ಹುಡುಗಿ ರಬ್ಬರ್ ಪಟ್ಟಿ ಕಟ್ಟಿ, ಒರೆಸಿ, ಬೆರಳು ಮೇಲೆತ್ತಿ ಹಿಡಿದು, ಒಂದೇ ಏಟಿಗೆ ರಕ್ತ ತೆಗೆದಳು. ನೇರಳೆ ಮುಚ್ಚಳದ ಟ್ಯೂಬನ್ನು ಎಂಟು ಸಲ ಮೆಲ್ಲಗೆ ತಿರುವಿ, ಅಲ್ಲೇ ನಿಂತು ಹೆಸರು ಬರೆದಳು. ಮುದುಕರ ರಕ್ತಕ್ಕೆ ಮೂಳೆ ಮುರಿದವರ ಹೆಸರು.

ಹನ್ನೆರಡು ದಾಟಿದ ಮೇಲೆ ರಕ್ತನಿಧಿಯ ಟೆಕ್ನಿಷಿಯನ್ ನನ್ನನ್ನು ಕರೆಸಿದ. ಆಸ್ಪತ್ರೆಗೆ ಸೇರಿದ ದಿನ ಈ ಹೆಸರಿನವರ ಗುಂಪು ಓ ಎಂದು ರಕ್ತನಿಧಿಯ ಪುಸ್ತಕದಲ್ಲಿತ್ತು, ಇಂದಿನ ಟ್ಯೂಬ್ ಬಿ ತೋರಿಸುತ್ತಿತ್ತು. ನನ್ನ ಎದುರೇ ಇನ್ನೊಮ್ಮೆ ಹಾಕಿಸಿದೆ. ಮತ್ತೆ ಬಿ. ವಾರ್ಡಿಗೆ ಓಡಿದೆ, ಮೂಳೆ ಮುರಿದವರನ್ನು ಒಂಬತ್ತರಲ್ಲಿ ಹುಡುಕಿ ನಾನೇ ಹೊಸದಾಗಿ ರಕ್ತ ತೆಗೆದೆ. ಅದು ಓ. ಹಳೆಯ ಪುಸ್ತಕವನ್ನು ತಿರುವಿ ನೋಡುವ ಅಭ್ಯಾಸ ಆ ಟೆಕ್ನಿಷಿಯನ್‌ಗೆ ಇಲ್ಲದಿದ್ದರೆ ಮರುದಿನ ಓ ಗುಂಪಿನವರ ಮೈಗೆ ಬಿ ರಕ್ತ ಹೋಗುತ್ತಿತ್ತು. ಅದರಲ್ಲಿ ಜೀವವೇ ಹೋಗಬಹುದು.

ಹುಡುಗಿಯನ್ನು ಕರೆದೆ. ಎರಡು ಟ್ಯೂಬುಗಳನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು. ನಾನು ಬಾಯಿ ತೆರೆಯುವ ಮೊದಲೇ ಎಲ್ಲವನ್ನೂ ಹೇಳಿದಳು, ಚೀಟಿ ತೋರಿಸಿದ್ದೂ ಸೇರಿ. ಮುದುಕಿ ಹೆಸರು ಹೇಳಿದರು ಎಂದು ಅವಳು ಒಂದು ಮಾತು ಅಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅನ್ನಲಿಲ್ಲ. ಏಕೆಂದರೆ ಮೊದಲ ದಿನವೇ ತರಗತಿಯಲ್ಲಿ ನಾನು ಹೇಳಿದ್ದೆ, ತಪ್ಪಾದರೆ ಮೊದಲು ನನಗೆ ಹೇಳಿ, ನಾನು ನಿಮ್ಮ ಬೆನ್ನಿಗೆ ಇರುತ್ತೇನೆ ಎಂದು.

ಮೂರು ಗಂಟೆಗೆ ವರದಿ ಬರೆಯಲು ಕೂತೆ. ಇಂಥ ಪ್ರಸಂಗಕ್ಕೆ ಆಸ್ಪತ್ರೆಯಲ್ಲಿ ಒಂದು ನಮೂನೆ ಇರುತ್ತದೆ. ಬೆಡ್ ಬದಲಾದದ್ದು, ಕೈಪಟ್ಟಿ ಇಲ್ಲದ್ದು, ಮುದುಕಿ ಹೆಸರು ಹೇಳದ್ದು, ಚೀಟಿ ತೋರಿಸಿದ್ದು, ಆಗ ನಾನು ವಾರ್ಡಿನಲ್ಲಿ ಇರದಿದ್ದದ್ದು, ಎಲ್ಲ ಬರೆದೆ. ಕೊನೆಗೆ ಹೀಗೆ ಬರೆದೆ: "ಸುತ್ತಿನ ನಡುವೆ ಮುಖ್ಯಸ್ಥರು ಕರೆದಿದ್ದರಿಂದ ನಾನು ವಾರ್ಡ್ ಬಿಟ್ಟು ಹೋದೆ. ಉಳಿದ ಎರಡು ಸ್ಯಾಂಪಲ್ ತೆಗೆಯಲು ಹುಡುಗಿಗೆ ನಾನೇ ಹೇಳಿದ್ದೆ." ಬರೆದು ಸರ್‌ಗೆ ತೋರಿಸಿದೆ.

ಅವರು ಎರಡು ಸಲ ಓದಿದರು. "ಎಲ್ಲಾ ಬರೋಬ್ಬರಿ ಐತಿ ತಂಗಿ. ಕಡೀ ಎರಡು ಸಾಲು ತಗಿ."

"ಅದ ಮುಖ್ಯ ಅಲ್ರಿ ಸರ್?"

"ತಪಾಸಣಿ ತಂಡ ಇನ್ನೂ ಊರು ಬಿಟ್ಟಿಲ್ಲ. ತರಬೇತಿ ಬಿಡಿಸಿ ನಿನ್ನ ಕರಕೊಂಡು ಬಂದು ಅವರಿಗೆ ಲ್ಯಾಬ್ ತೋರಿಸಿದ್ವಿ ಅಂತ ತಿಳಿದ್ರ ಕೇಂದ್ರಾನ ಮುಚ್ಚಸ್ತಾರ. ಯಾರಿಗೂ ಏನೂ ಆಗಿಲ್ಲ. ಹುಡುಗಿಗೂ ಏನೂ ಆಗಂಗಿಲ್ಲ. ನಾ ಇಲ್ಲೇನು? ನನ್ನ ಮ್ಯಾಲ ಬಿಡು."

ನಾನು ಹೊಸ ನಮೂನೆ ತಂದು ಮತ್ತೆ ಬರೆದೆ, ಆ ಎರಡು ಸಾಲು ಬಿಟ್ಟು. ಓದಿ ನೋಡಿದರೆ ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಾನು ವಾರ್ಡಿನಲ್ಲಿ ಇರಲಿಲ್ಲ ಎಂದಿತ್ತು, ಯಾಕೆ ಇರಲಿಲ್ಲ ಎಂದಿರಲಿಲ್ಲ. ಸಹಿ ಹಾಕಿ ಕೊಟ್ಟೆ.

ಮರುದಿನ ಸರ್ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಮೇಲ್ವಿಚಾರಕರಿಲ್ಲದೆ ಯಾರೂ ರಕ್ತ ತೆಗೆಯಬಾರದು ಎಂಬ ನಿಯಮ, ಕೆಳಗೆ ಇಪ್ಪತ್ಮೂರು ಹೆಸರು. ಇನ್ನು ಮುಂದೆ ಬರವಣಿಗೆಯಲ್ಲೇ ಇರಲಿ ಎಂದರು. ನನಗೂ ಸರಿಯೆನಿಸಿತು. ತರಗತಿಯಲ್ಲಿ ನಾನೇ ಹಂಚಿ ಸಹಿ ಮಾಡಿಸಿದೆ. ಇಳಕಲ್ಲಿನ ಹುಡುಗಿಯೂ ಸಹಿ ಮಾಡಿದಳು. ಮೇಲೆ ತಾರೀಖಿನ ಜಾಗ ಖಾಲಿ ಇತ್ತು. ರೋಗಿಯ ಹೆಸರಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುವ ನಾನು ಅದನ್ನು ನೋಡಲಿಲ್ಲ.

ಐದನೇ ದಿನ ವಿಚಾರಣೆ. ಆಸ್ಪತ್ರೆಯ ಪೆಥಾಲಜಿ ಡಾಕ್ಟರಮ್ಮ, ನರ್ಸುಗಳ ಮುಖ್ಯಸ್ಥೆ, ಸರ್, ನಾನು, ಕೊನೆಯ ಕುರ್ಚಿಯಲ್ಲಿ ಹುಡುಗಿ. ಡಾಕ್ಟರಮ್ಮ ನನ್ನ ವರದಿ ಓದಿದರು. ಆಮೇಲೆ, ಈಕೆ ಒಬ್ಬಳೇ ಯಾಕೆ ರಕ್ತ ತೆಗೆದಳು ಎಂದು ಕೇಳಿದರು. ಸರ್ ಫೈಲಿನಿಂದ ಆ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ನಿಯಮ ಸ್ಪಷ್ಟ ಐತ್ರಿ ಡಾಕ್ಟರ್. ಎಲ್ಲಾರೂ ಸಹಿ ಮಾಡ್ಯಾರ, ಈಕೀನೂ ಮಾಡ್ಯಾಳ. ಮೇಡಂ ಇರಲಿಲ್ಲ ಅಂತ ಅವರ ವರದಿನ ಹೇಳ್ತೈತಿ. ಕಾಯಬೇಕಾಗಿತ್ತು, ಕಾಯಲಿಲ್ಲ."

ಡಾಕ್ಟರಮ್ಮ ತಾರೀಖು ಓದಿದರು. ಘಟನೆಗಿಂತ ಹನ್ನೊಂದು ದಿನ ಮೊದಲಿನ ತಾರೀಖು.

ನಾನು ಸರ್ ಮುಖ ನೋಡಿದೆ. ಈಗ ಹೇಳುತ್ತಾರೆ, ತಾನೇ ಕರೆದದ್ದು ಎಂದು ಈಗ ಹೇಳುತ್ತಾರೆ ಎಂದು ಕಾದೆ. ಅವರು ಫೈಲಿನ ದಾರ ಕಟ್ಟುತ್ತಿದ್ದರು. ಹುಡುಗಿ ನನ್ನ ಮುಖ ನೋಡುತ್ತಿದ್ದಳು; ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಾನೇ ಹೇಳಿದರೆ ನಾನು ಸಹಿ ಹಾಕಿದ ವರದಿಯನ್ನೇ ಅಲ್ಲಗಳೆದಂತೆ, ಸರ್ ಅವರನ್ನು ಸುಳ್ಳ ಎಂದಂತೆ. ಯೋಚಿಸುತ್ತಿರುವಷ್ಟರಲ್ಲಿ ಹುಡುಗಿಯನ್ನು ತರಬೇತಿಯಿಂದ ಕೈಬಿಡುವುದೆಂದು ಬರೆದಾಗಿತ್ತು. ಪರೀಕ್ಷೆಗೆ ಕೂರುವಂತಿಲ್ಲ.

ಹೊರಗೆ ಮೆಟ್ಟಿಲ ಹತ್ತಿರ ಅವಳು ನಿಂತಿದ್ದಳು. ಅಳುತ್ತಿರಲಿಲ್ಲ.

"ತಪ್ಪಾದ್ರ ಮೊದಲ ನನಗ ಹೇಳ್ರಿ ಅಂದಿದ್ರಿ," ಎಂದಳು. "ಹೇಳಿದ್ನಲ್ರಿ."

ಲಾಗ್ ಪುಸ್ತಕವನ್ನು ನನ್ನ ಕೈಯಲ್ಲಿಟ್ಟು ಇಳಿದು ಹೋದಳು. ಮೂವತ್ತೊಂದು ಸಹಿ ನನ್ನವೇ.

ಸರ್ ಕೋಣೆಗೆ ಹೋದೆ. ಬಾಗಿಲು ಹಾಕಿದೆ.

"ನೀವು ಫೋನ್ ಮಾಡಿದ್ದು ಯಾಕ ಹೇಳಲಿಲ್ರಿ?"

"ಫೋನ್ ಮಾಡಿದ್ನಿ. ಸುತ್ತು ಮುಗಿಸಿಕೊಂಡು ಬರ್ತೀರಿ ಅಂತ ನಾ ತಿಳಕೊಂಡಿದ್ನಿ."

ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆದರೂ ಅವರು ನನಗೆ ತಂಗಿ ಅನ್ನಲಿಲ್ಲ, ನೀ ಅನ್ನಲಿಲ್ಲ.

"ಆ ಹಾಳಿಗೆ ಹಿಂದಿನ ತಾರೀಖು ಹಾಕೀರಿ."

"ಆ ಹಾಳಿ ಹಂಚಿ ಸಹಿ ಮಾಡಿಸಿದವರು ನೀವು ಮೇಡಂ." ಲೋಟ ಎತ್ತಿ ಚಹಾ ಕುಡಿದರು. "ಒಬ್ಬಾಕಿ ಹೋದ್ಲು. ಇಪ್ಪತ್ತೆರಡು ಮಂದಿ ಉಳದಾರ. ನೀವೂ ಉಳದೀರಿ. ಮನಿಗಿ ಹೋಗ್ರಿ, ದಣದೀರಿ."

ಅವರು ನನಗೆ ಮೋಸ ಮಾಡಿದರೆಂಬುದಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆ ಹುಡುಗಿಯ ಕೊರಳು ಕೊಯ್ಯಲು ನನ್ನ ಕೈಯನ್ನೇ ಬಳಸಿದ್ದರು. ನಾನು ತೆಗೆದ ಸಾಲು, ನಾನು ಹಂಚಿದ ಹಾಳೆ. ತಮ್ಮ ತೋಳು ಚಾಚಿ ನನಗೆ ಚುಚ್ಚಲು ಕಲಿಸಿದ ಮನುಷ್ಯ ಇವರೇ ಏನು ಎಂದು ಮನೆಯವರೆಗೂ ಅದೇ ಯೋಚನೆ.

ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಧೈರ್ಯ ಕೂಡಿಸುತ್ತಿದ್ದೆ ಎಂದು ಹೇಳಿಕೊಳ್ಳಬಹುದು. ಖರೆ ಹೇಳಬೇಕೆಂದರೆ ಹೆದರಿ ಕೂತಿದ್ದೆ. ಆ ಕೆಲಸ ಹೋದರೆ ಈ ವಯಸ್ಸಿನಲ್ಲಿ ಮತ್ತೆ ಕಲಿಸುವ ಕೆಲಸ ಯಾರೂ ಕೊಡುವುದಿಲ್ಲ, ಕಲಿಸುವುದು ಬಿಟ್ಟು ನನಗೆ ಬೇರೆ ಏನೂ ಇಷ್ಟವಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಸುಮ್ಮನೆ ಕೂರಲಾರದೆ ನನ್ನ ಚೀಲದ ಕಾಗದಗಳನ್ನು ಹರವಿಕೊಂಡೆ. ಶಿಬಿರದ ಹಾಜರಿ ಪಟ್ಟಿಯೊಂದು ಸಿಕ್ಕಿತು. ಡಾಕ್ಟರಮ್ಮ ಓದಿದ ಆ ತಾರೀಖಿನ ದಿನ ನಮ್ಮ ಇಡೀ ತಂಡ ಬಾದಾಮಿಯಲ್ಲಿತ್ತು. ಬೆಳಗಿನ ಎಂಟರಿಂದ ಸಂಜೆ ಐದರವರೆಗೆ ಹೆಂಗಸರ ಬೆರಳು ಚುಚ್ಚಿ ರಕ್ತ ಎಷ್ಟಿದೆ ಎಂದು ನೋಡುವ ಶಿಬಿರ. ಬಂದ ಹೊತ್ತು, ಹೋದ ಹೊತ್ತು, ಇಪ್ಪತ್ಮೂರು ಸಹಿ, ಶಿಬಿರ ನಡೆಸಿದವರ ಮುದ್ರೆ. ಅಂದು ವಿದ್ಯಾಗಿರಿಯ ತರಗತಿಯಲ್ಲಿ ಕೂತು ಯಾವ ನಿಯಮಕ್ಕೂ ಸಹಿ ಹಾಕಲು ಒಬ್ಬರೂ ಇರಲಿಲ್ಲ.

ಸರ್ ಅವಸರದಲ್ಲಿ ಕ್ಯಾಲೆಂಡರ್ ನೋಡಿದ್ದರು, ಶಿಬಿರದ ಪಟ್ಟಿ ನೋಡಿರಲಿಲ್ಲ. ಟ್ಯೂಬಿನ ಮೇಲೆ ತಪ್ಪು ಹೆಸರು ಬರೆಯುವವರು ಮಾಡುವ ತಪ್ಪೇ ಇದು, ಇನ್ನೊಂದಕ್ಕೆ ಹೊಂದಿಸಿ ನೋಡದಿರುವುದು.

ಆವತ್ತೇ ಎರಡನೇ ವರದಿ ಬರೆದೆ. ಎರಡು ಪುಟ. ಮೊದಲ ವರದಿಯಿಂದ ತೆಗೆದ ಸಾಲು, ತೆಗೆಯಲು ಹೇಳಿದವರು, ಒಪ್ಪಿ ತೆಗೆದವಳು ನಾನು ಎಂಬುದು, ಖಾಲಿ ತಾರೀಖಿನ ಹಾಳೆಗೆ ನಾನು ಸಹಿ ಮಾಡಿಸಿದ್ದು, ಗಂಡನ ಹೆಸರು ಹೇಳದ ಹೆಂಗಸರ ವಿಷಯ ನಾನು ಕಲಿಸದೆ ಬಿಟ್ಟದ್ದು. ಜೊತೆಗೆ ಶಿಬಿರದ ಪಟ್ಟಿ, ಸರ್ ಫೋನ್ ಬಂದ ಹೊತ್ತು ತೋರಿಸುವ ನನ್ನ ಮೊಬೈಲಿನ ಚಿತ್ರ. ಮರುದಿನ ಡಾಕ್ಟರಮ್ಮನ ಕೈಗೆ ಕೊಟ್ಟು ನನ್ನ ಪ್ರತಿಗೆ ಸಹಿ ಹಾಕಿಸಿಕೊಂಡೆ.

ಅವರು ನಿಂತೇ ಓದಿದರು. "ಇದನ್ನ ಕೊಟ್ರ ನೀವೂ ಉಳಿಯೂದಿಲ್ಲ. ಗೊತ್ತೈತೇನ್ರಿ?"

"ಗೊತ್ತೈತ್ರಿ."

"ವಿಚಾರಣಿ ದಿನ ಯಾಕ ಸುಮ್ಮನಿದ್ರಿ?"

ನಾನು ನನ್ನ ಪ್ರತಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಅವರು ಮತ್ತೆ ಕೇಳಲಿಲ್ಲ.

ಎರಡು ವಾರದ ಮೇಲೆ ಹುಡುಗಿಯನ್ನು ಕೈಬಿಟ್ಟ ಆದೇಶ ರದ್ದಾಯಿತು. ಉಳಿದ ಹತ್ತೊಂಬತ್ತು ಸಹಿಗಳನ್ನು ಹುನಗುಂದದ ಒಂದು ಆಸ್ಪತ್ರೆಯಲ್ಲಿ ಮುಗಿಸಿ ಪರೀಕ್ಷೆಗೆ ಕೂರಬಹುದೆಂದು ಬರೆದರು. ಮುಂದಿನ ತಂಡಕ್ಕೆ ಬೇರೆ ತರಬೇತುದಾರರನ್ನು ಗೊತ್ತುಮಾಡಿದೆ ಎಂದು ನನಗೂ ಒಂದು ಪತ್ರ ಬಂತು. ಸರ್‌ಗೆ ಎಚ್ಚರಿಕೆಯ ಕಾಗದ ಸಿಕ್ಕಿತಂತೆ. ಸೀಟುಗಳೂ ಹೆಚ್ಚಾದವು. ಅವರು ಇನ್ನೂ ಅದೇ ಕೋಣೆಯಲ್ಲಿದ್ದಾರೆ.

ಹುಡುಗಿಗೆ ಸುದ್ದಿ ಹೇಳಲು ನಾನೇ ಫೋನ್ ಮಾಡಿದೆ. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ನೀ ಪರೀಕ್ಷೆಗೆ ಕೂಡ್ತಿ ಎಂದೆ. ಮಗ್ಗದ ಸದ್ದು ನಿಂತಿತು.

"ಇದನ್ನ ಮೊದಲಿನ ಕಾಗದದಾಗ ಯಾಕ ಬರೀಲಿಲ್ರಿ?"

"ಸರ್ ಬ್ಯಾಡ ಅಂದ್ರವಾ."

"ಹೂಂ ರಿ. ಇಡ್ತೇನ್ರಿ," ಎಂದಳು. ಆಮೇಲೆ ನಾನು ಮಾಡಿದ ಫೋನುಗಳನ್ನು ಅವಳು ಎತ್ತಲಿಲ್ಲ. ಪಾಸಾದದ್ದು ಬೇರೆಯವರಿಂದ ತಿಳಿಯಿತು.

ನಾನು ಈಗ ಹುನಗುಂದದ ಒಂದು ಸಣ್ಣ ಲ್ಯಾಬಿನಲ್ಲಿದ್ದೇನೆ. ಕಲಿಸುವುದೇನೂ ಇಲ್ಲ, ಬಂದವರ ರಕ್ತ ತೆಗೆಯುತ್ತೇನೆ. ಕಳೆದ ಚಳಿಗಾಲದಲ್ಲಿ ಬಾದಾಮಿಯಲ್ಲಿರುವ ನನ್ನ ಆಪಾನ, ಅಂದರೆ ಅಕ್ಕನ, ಮನೆಗೆ ಹೋದಾಗ ಮೂರು ದಿನ ಬಿಡದ ಜ್ವರ ಬಂತು. ಅಕ್ಕ ಬಲವಂತದಿಂದ ಅಲ್ಲಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಚೀಟಿ ಬರೆದರು. ರಕ್ತ ತೆಗೆಯುವ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತೆವು. ಬಾಗಿಲು ತೆರೆದೇ ಇತ್ತು. ಒಳಗೆ ಇಳಕಲ್ಲಿನ ಹುಡುಗಿ ಇದ್ದಳು.

ನನಗಿಂತ ಮೊದಲು ಒಬ್ಬ ಮುದುಕರಿದ್ದರು, ಕಿವಿ ಪೂರ್ತಿ ಮಂದ. ಜೊತೆಗೆ ಹೆಂಡತಿ. ಹುಡುಗಿ ಅವರ ಹೆಸರನ್ನು ಹೆಂಡತಿಗೆ ಕೇಳಲಿಲ್ಲ.

"ಆಯಿ, ನಿಮಗ ಹೇಳಾಕ ಬರೂದಿಲ್ಲ, ನನಗ ಗೊತ್ತೈತಿ. ಅಜ್ಜಾರ ಆಧಾರ್ ಕೊಡ್ರಿ. ಇಲ್ಲಾಂದ್ರ ಮಗಗ ಫೋನ್ ಹಚ್ಚಿ ಕೊಡ್ರಿ. ಅಲ್ಲೀಮಟ ನಾ ಸೂಜಿ ಮುಟ್ಟೂದಿಲ್ಲ."

ಮುದುಕಿ ನಗುತ್ತ ಸೆರಗಿನ ಗಂಟಿನಿಂದ ಕಾರ್ಡ್ ಬಿಚ್ಚಿ ಕೊಟ್ಟರು. ಹುಡುಗಿ ಅದನ್ನು ಚೀಟಿಯ ಪಕ್ಕದಲ್ಲಿಟ್ಟು ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದಳು. ನಾನು ಕಲಿಸದೆ ಬಿಟ್ಟ ಪಾಠ ಅದು.

ನನ್ನ ಸರದಿ ಬಂತು. ಕುರ್ಚಿಯಲ್ಲಿ ಕೂತು ತೋಳು ಚಾಚಿದೆ. ಅವಳು ನನ್ನ ಮುಖ ನೋಡಿದಳು. ಗುರುತು ಹತ್ತದೆ ಇರಲು ಸಾಧ್ಯವೇ ಇರಲಿಲ್ಲ. ಚೀಟಿಯನ್ನು ಮಗುಚಿ ಇಟ್ಟಳು.

"ನಿಮ್ಮ ಹೆಸರೇನ್ರಿ?"

ಅಕ್ಕ ಬಾಗಿಲಲ್ಲಿ ನಿಂತು, "ಈಕೀನೂ ನಿಮ್ಮಂಗ ರಕ್ತ ತಗಿಯಾಕಿನ ಅದಾಳವಾ, ಹುನಗುಂದದಾಗ," ಎಂದಳು. ಹುಡುಗಿ ಅತ್ತ ತಿರುಗಲಿಲ್ಲ. ನನ್ನ ಬಾಯಿ ನೋಡುತ್ತ ಕಾದಳು.

ನಾನು ನನ್ನ ಪೂರ್ತಿ ಹೆಸರು ಹೇಳಿದೆ. ಅಬ್ಬಾನ ಹೆಸರೂ ಸೇರಿಸಿ ಹೇಳಿದೆ. ಅವಳು ಚೀಟಿ ತಿರುಗಿಸಿ ಹೊಂದಿಸಿದಳು. ಪಟ್ಟಿ ಕಟ್ಟಿದಳು, ಬೆರಳು ಒಂದು ಸಲ ಆಡಿಸಿದಳು, ಒರೆಸಿದಳು. ಎಡಗೈ ಬೆರಳು ಮೇಲೆದ್ದು ಗಾಳಿಯಲ್ಲಿ ನಿಂತಿತು. ಅದರ ಕೆಳಗೆ ಹತ್ತಿಯ ಉಂಡೆ ಇತ್ತು. ಸೂಜಿ ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ನನಗೆ ಹೆಮ್ಮೆಯಾಯಿತು, ಅಳುವೂ ಬಂತು. ಏನಾದರೂ ಹೇಳಬೇಕೆನಿಸಿತು. ಕ್ಷಮಿಸು ಎನ್ನುವುದೋ, ಹೇಗಿದ್ದಿ ಎನ್ನುವುದೋ ತಿಳಿಯಲಿಲ್ಲ. ಅವಳು ಆಗಲೇ ಟ್ಯೂಬಿನ ಮೇಲೆ ಬರೆಯುತ್ತಿದ್ದಳು. ಬರೆದು ನನ್ನ ಕಡೆ ತಿರುಗಿಸಿ ಹಿಡಿದಳು.

"ಓದಿ ನೋಡ್ರಿ. ಬರೋಬ್ಬರಿ ಐತೇನ್ರಿ?"

ಓದಿದೆ. ದುಂಡಗಿನ ಅಕ್ಷರದಲ್ಲಿ ನನ್ನ ಹೆಸರಿತ್ತು. ಬರೋಬ್ಬರಿ ಐತಿ ಎಂದೆ.

"ಐದು ಮಿನಿಟ್ ಒತ್ತಿ ಹಿಡೀರಿ. ಕೈ ಮಡಚಬ್ಯಾಡ್ರಿ," ಎಂದು ಹೇಳಿ, ನನ್ನ ಹೆಗಲ ಮೇಲಿಂದ ಬಾಗಿಲಿನತ್ತ ನೋಡಿದಳು.

"ಮುಂದಿನವರು ಬರ್ರಿ."